ಮದ್ದು, ಗುಂಡು ಮತ್ತು ಒಂದು ತುಂಡು ಬಟ್ಟೆ

ಕನ್ನಡದಲ್ಲಿ ‘ಮದ್ದು’ ಎಂಬ ಮಾತು ರೋಗಿಗೆ ಕೊಡುವ ಔಷಧಕ್ಕೂ ಸಲ್ಲುತ್ತದೆ, ಕೋವಿಗೆ ತುಂಬುವ ಸಿಡಿಪುಡಿಗೂ ಸಲ್ಲುತ್ತದೆ. ಪ್ರಾಣವನ್ನು ಉಳಿಸುವ ವಸ್ತುವಿಗೂ ಪ್ರಾಣವನ್ನು ತೆಗೆಯುವ ವಸ್ತುವಿಗೂ ಒಂದೇ ಹೆಸರು ಹೇಗೆ ಬಂದಿತೆಂಬುದನ್ನು ಶಬ್ದಶಾಸ್ತ್ರಜ್ಞರ ವಿಚಾರಕ್ಕೆ ಬಿಡೋಣ. ಆದರೆ ಎರಡಕ್ಕೂ ಸಮಾನವಾದ ಒಂದು ಧರ್ಮವಿದೆ, ಅದು ಪ್ರಮಾಣ. ವೈದ್ಯನು ಮದ್ದನ್ನು ತೂಗಿ ಕೊಡುವಂತೆ ಬೇಟೆಗಾರನೂ ತನ್ನ ಮದ್ದನ್ನು ಅಳೆದೇ ತುಂಬಬೇಕು. ಒಬ್ಬನ ದೇಹಕ್ಕೆ ಒಗ್ಗಿದ ಮಾತ್ರೆ ಮತ್ತೊಬ್ಬನಿಗೆ ಒಗ್ಗದಿರುವಂತೆ ಒಂದು ಕೋವಿಗೆ ಒಗ್ಗಿದ ಅಳತೆ ಅದರ ಜೊತೆಯಲ್ಲಿಯೇ ಹುಟ್ಟಿದ ಮತ್ತೊಂದು ಕೋವಿಗೆ ಒಗ್ಗುವುದಿಲ್ಲ. ಆ ಒಗ್ಗುವ ಅಳತೆಯನ್ನು ಕಂಡುಕೊಳ್ಳುವ ಬಗೆ ಹೇಗೆ ಎಂಬುದೇ ಈ ಭಾಷಣದ ವಿಷಯ.

ಪಂಪ-ರನ್ನರ ಪಾಠ ಹೇಳಿಕೊಂಡು ವೃತ್ತಿಯಿಂದ ನಿವೃತ್ತನಾದವನಿಗೆ ಕೋವಿಯ ಮಾತೇಕೆ ಎಂದು ಶ್ರೋತೃಗಳು ಕೇಳಬಹುದು. ಯಾವ ಕಸುಬೇ ಆಗಲಿ, ಬಹುಕಾಲ ಬುದ್ಧಿವಂತರ ಕೈಯಲ್ಲಿ ಪಳಗಿದಾಗ ಅದರೊಳಗೆ ಒಂದು ವಿಚಾರಕ್ರಮ ಮೂಡುತ್ತದೆ. ಅಕ್ಷರ ಬಾರದವರು ಕಟ್ಟಿಕೊಂಡ ಇಂಥ ಕ್ರಮಗಳು ಅಕ್ಷರಸ್ಥರ ಶಾಸ್ತ್ರಗಳಿಗೆ ಎಷ್ಟೋ ಬಾರಿ ಸರಿಸಮನಾಗಿ ನಿಲ್ಲುತ್ತವೆ. ಬಾಯಿಯಿಂದ ತುಂಬುವ ರೈಫಲ್ಲಿನ ಕಥೆ ಅಂಥವುಗಳಲ್ಲೊಂದು. ಅದು ನಡೆದುದು ಬಹುಮಟ್ಟಿಗೆ ಅಮೆರಿಕದ ಕಾಡುಗಳಲ್ಲಿ. ಅದರ ಒಂದು ಎಳೆ ಮಾತ್ರ ನಮ್ಮ ನಾಡಿನವರೆಗೂ ಬಂದಿದೆ.

ಮೊದಲು ಆಯುಧದ ಪರಿಚಯ. ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿಯನ್ನು ಕಂಡವರು ಅನೇಕರಿರಬಹುದು. ನಳಿಗೆಯ ಬಾಯಿಯಿಂದ ಮದ್ದನ್ನು ಸುರಿದು, ಅದರ ಮೇಲೆ ಗುಂಡನ್ನೋ ಚರೆಯನ್ನೋ ಇಳಿಸಿ, ಗಜದಿಂದ ದಮ್ಮಸು ಮಾಡಿ, ಹಿಂಬದಿಯ ಮೊಳೆಯ ಮೇಲೆ ಕೇಪನ್ನಿಟ್ಟು ಹಾರಿಸುವ ಆಯುಧ ಅದು. ಅದರ ನಳಿಗೆಯ ಒಳಮೈ ಕನ್ನಡಿಯಂತೆ ನುಣುಪು. ಕೇಪು ಬರುವುದಕ್ಕೆ ಮೊದಲು ಚಕಮಕಿಯ ಕಲ್ಲಿನ ಕಿಡಿಯೇ ಮದ್ದಿಗೆ ಬೆಂಕಿ ಕೊಡುತ್ತಿತ್ತು. ರೈಫಲ್ಲೆಂದರೆ ಹಾಗಲ್ಲ. ಅದರ ನಳಿಗೆಯ ಒಳಮೈಯಲ್ಲಿ ಬಾಯಿಯಿಂದ ಬುಡದವರೆಗೆ ಬಳ್ಳಿ ಸುತ್ತಿದಂತೆ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ. ಜರ್ಮನಿಯ ಕುಶಲಿಗಳು 15ನೆಯ ಶತಮಾನದ ಕೊನೆ ಅಥವಾ 16ನೆಯ ಶತಮಾನದ ಆರಂಭದಿಂದ ಇಂಥ ನಳಿಗೆಗಳನ್ನು ಮಾಡುತ್ತಿದ್ದರು. ಈ ತೋಡುಗಳಿಂದ ಗುಂಡು ನೇರವಾಗಿ ಹೋಗುತ್ತದೆಂಬುದು ಅವರಿಗೆ ಗೊತ್ತಿತ್ತು. ಏಕೆ ಹೋಗುತ್ತದೆಂಬುದು ಮಾತ್ರ ಇನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ.

ಅದನ್ನು ತಿಳಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಫಿರಂಗಿವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ಮಹಾಗಣಿತಜ್ಞ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ತನ್ನ ವ್ಯಾಖ್ಯಾನವನ್ನೂ ಸೇರಿಸಿ 1745ರಲ್ಲಿ ಹೊರತಂದ. ನುಣುಪು ನಳಿಗೆಯಲ್ಲಿ ಗುಂಡು ಸಡಿಲವಾಗಿರುತ್ತದೆ. ಹೊರಬೀಳುವಾಗ ಅದು ನಳಿಗೆಯ ಯಾವುದೋ ಒಂದು ಪಕ್ಕಕ್ಕೆ ಉಜ್ಜಿಕೊಂಡು ಉರುಳುತ್ತದೆ. ಆ ಉರುಳಿನಿಂದ ಅದಕ್ಕೆ ಬಂದ ಸುತ್ತು ಗಾಳಿಯಲ್ಲಿ ಅದನ್ನು ಒಂದು ಕಡೆಗೆ ಎಳೆಯುತ್ತದೆ. ಯಾವ ಪಕ್ಕಕ್ಕೆ ಉಜ್ಜೀತೆಂಬುದು ಪ್ರತಿ ಸಲವೂ ಬೇರೆಯಾದುದರಿಂದ ಗುಂಡು ಹೋಗುವ ದಾರಿಯೂ ಪ್ರತಿ ಸಲ ಬೇರೆ. ಇದು ರಾಬಿನ್ಸನ ವಿವರಣೆ. ಅದನ್ನು ಅವನು ಪ್ರಯೋಗದಿಂದಲೇ ತೋರಿಸಿದ. ಒಂದು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ, ಮುಂದೆ ಸಾಲಾಗಿ ತೆಳುಕಾಗದದ ಪರದೆಗಳನ್ನು ಕಟ್ಟಿ ಗುಂಡು ಹಾರಿಸಿದ. ಎಡಕ್ಕೆ ಹೊರಟ ಗುಂಡು ಮುಂದೆ ಮುಂದೆ ಬಲಕ್ಕೆ ಬಾಗಿದ್ದನ್ನು ಕಾಗದದ ತೂತುಗಳು ಹೇಳಿದವು. ಸುರುಳಿ ತೋಡುಗಳು ಮಾಡುವ ಉಪಕಾರವೆಂದರೆ ಈ ಮನಸ್ವೀ ಸುತ್ತನ್ನು ತಪ್ಪಿಸಿ, ಗುಂಡು ಹೋಗುವ ದಿಕ್ಕನ್ನೇ ಅಕ್ಷವಾಗಿ ಮಾಡಿಕೊಂಡ ಕ್ರಮವಾದ ಸುತ್ತನ್ನು ಕೊಡುವುದು. 1747ರಲ್ಲಿ ರಾಯಲ್ ಸೊಸೈಟಿಯ ಮುಂದೆ ಈ ವಿಷಯವನ್ನು ಮಂಡಿಸುತ್ತ, ಯಾವ ರಾಜ್ಯವು ಇಂಥ ನಳಿಗೆಗಳ ಮರ್ಮವನ್ನರಿತು ತನ್ನ ಸೈನ್ಯಕ್ಕೆ ಕಲಿಸುವುದೋ ಅದು ಉಳಿದವುಗಳನ್ನು ಮೀರಿಸುವುದೆಂದು ಅವನು ನುಡಿದ. ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಕೋಟೆಗಳನ್ನು ಬಲಪಡಿಸುವುದಕ್ಕೆಂದು ಅವನನ್ನೇ ಭಾರತಕ್ಕೆ ಕಳುಹಿಸಿತು. 1750ರಲ್ಲಿ ಬಂದ ರಾಬಿನ್ಸ್ ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಗುಂಡು ನೇರವಾಗಿ ಹೋಗುವುದೇಕೆಂದು ಜಗತ್ತಿಗೆ ತಿಳಿಸಿದವನು ಮಡಿದುದು ನಮ್ಮ ನೆರೆಯ ಕರಾವಳಿಯಲ್ಲಿ.

ಇನ್ನು ಕಸುಬಿನ ಕಡೆಗೆ ಬರೋಣ. ಸುರುಳಿ ತೋಡು ಗುಂಡನ್ನು ತಿರುಗಿಸಬೇಕಾದರೆ ಗುಂಡು ಅದನ್ನು ಬಿಗಿಯಾಗಿ ಹಿಡಿಯಬೇಕು. ಬಿಗಿಯಾಗಿ ಹಿಡಿಯುವ ಗುಂಡನ್ನು ಬಾಯಿಯಿಂದ ಒಳಕ್ಕೆ ಇಳಿಸುವುದು ಹೇಗೆ? ಹಳೆಯ ಉಪಾಯವೆಂದರೆ ನಳಿಗೆಗಿಂತ ಕೂದಲೆಳೆ ದಪ್ಪನಾದ ಗುಂಡನ್ನಿಟ್ಟು ಕೊಡತಿಯಿಂದ ಹೊಡೆದು ಇಳಿಸುವುದು. ಅದರಿಂದ ಗುಂಡು ಚಪ್ಪಟೆಯಾಗುತ್ತದೆ, ಕಾಲ ಹಾಳಾಗುತ್ತದೆ, ಕಾಡಿನಲ್ಲಿ ಸದ್ದೂ ಆಗುತ್ತದೆ. ಇದಕ್ಕಿಂತ ಜಾಣತನದ ಉಪಾಯ ತೇಪೆ. ಗುಂಡನ್ನು ನಳಿಗೆಗಿಂತ ಸ್ವಲ್ಪ ಸಣ್ಣದಾಗಿ ಎರೆದು, ಅದರ ಸುತ್ತ ಜಿಡ್ಡು ಸವರಿದ ಒಂದು ತುಂಡು ಬಟ್ಟೆಯನ್ನು ಹೊದಿಸಿ ಇಳಿಸುವುದು. ಬಟ್ಟೆ ತೋಡುಗಳಲ್ಲಿ ತುಂಬಿಕೊಳ್ಳುತ್ತದೆ. ತೋಡು ಬಟ್ಟೆಯನ್ನು ತಿರುಗಿಸುತ್ತದೆ, ಬಟ್ಟೆ ಗುಂಡನ್ನು ತಿರುಗಿಸುತ್ತದೆ. ಸೀಸ ಎಲ್ಲಿಯೂ ಉಕ್ಕನ್ನು ಸೋಕದು. ನಳಿಗೆಯಿಂದ ಹೊರಬಿದ್ದ ಕೂಡಲೆ ಗಾಳಿಯ ತಡೆಗೆ ಬಟ್ಟೆ ಬಿಚ್ಚಿಕೊಂಡು ಹಿಂದೆ ಉಳಿಯುತ್ತದೆ. ಗುಂಡು ಮಾತ್ರ ಮುಂದಕ್ಕೆ ಸಾಗುತ್ತದೆ.

ಈ ವಿದ್ಯೆಯನ್ನು ಪರಿಪೂರ್ಣತೆಗೆ ತಂದವರು 18ನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ, ಲ್ಯಾಂಕಾಸ್ಟರಿನ ಸುತ್ತಮುತ್ತ ನೆಲಸಿದ ಜರ್ಮನ್ ಮತ್ತು ಸ್ವಿಸ್ ಕಮ್ಮಾರರು. ತಾಯ್ನಾಡಿನಿಂದ ಅವರು ತಂದದ್ದು ಗಿಡ್ಡವಾದ, ದಪ್ಪ ಗುಂಡಿನ ಬೇಟೆಯ ರೈಫಲ್ಲು. ಹೊಸ ನಾಡಿನ ಅಗತ್ಯ ಬೇರೆಯಾಗಿತ್ತು. ಅಂಗಡಿ ವಾರಗಟ್ಟಲೆಯ ದಾರಿ. ಸೀಸವನ್ನೂ ಮದ್ದನ್ನೂ ಬೆನ್ನಮೇಲೆ ಹೊತ್ತು ನಡೆಯಬೇಕು. ಸುಮಾರು 0.60 ಅಂಗುಲದ ಗುಂಡಾದರೆ ಒಂದು ಪೌಂಡು ಸೀಸಕ್ಕೆ ಇಪ್ಪತ್ತೊಂದೋ ಇಪ್ಪತ್ತೆರಡೋ ಬರುತ್ತವೆ, 0.49 ಅಂಗುಲದ್ದಾದರೆ ಸುಮಾರು ನಲವತ್ತು. ಆದುದರಿಂದ ಗುಂಡು ಸಣ್ಣದಾಯಿತು. ನಳಿಗೆ ನಲವತ್ತು ಅಂಗುಲವನ್ನೂ ಮೀರಿ ನೀಳವಾಯಿತು. ಹಿಡಿಯ ಮರದ ಪಕ್ಕದಲ್ಲಿ ತೇಪೆಗಳನ್ನಿಡಲು ಹಿತ್ತಾಳೆಯ ಮುಚ್ಚಳವಿದ್ದ ಪುಟ್ಟ ಪೆಟ್ಟಿಗೆಯೂ ಬಂದಿತು. ಇದೇ ಮುಂದೆ ಕೆಂಟಕಿ ರೈಫಲ್ಲೆಂದು ಪ್ರಸಿದ್ಧವಾದುದು.

ಇದನ್ನು ತುಂಬುವುದಕ್ಕೆ ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಮೊದಲ ಗುಂಡು ತಪ್ಪಿದರೆ ಜಿಂಕೆ ಎರಡನೆಯದಕ್ಕೆ ಕಾಯುವುದಿಲ್ಲ. ಗಾಯಗೊಂಡ ಕರಡಿಯಂತೂ ಓಡಿಹೋಗದೆ ಎದುರಿಗೇ ಬರಬಹುದು. ಚಳಿಗಾಲದಲ್ಲಿ ಮಕ್ಕಳ ತಟ್ಟೆಗೆ ಏನು ಬೀಳುತ್ತದೆಂಬುದು ಆ ಒಂದೇ ಗುಂಡನ್ನು ಅವಲಂಬಿಸಿತ್ತು. ಹೀಗಿದ್ದುದರಿಂದಲೇ ತನ್ನ ರೈಫಲ್ಲಿಗೆ ಯಾವುದು ಒಗ್ಗುತ್ತದೆಂದು ಕಂಡುಕೊಳ್ಳುವುದು ಅಲ್ಲಿನ ಗೃಹಸ್ಥನಿಗೆ ವಿನೋದವಾಗಿರಲಿಲ್ಲ. ಅದು ಬಿತ್ತನೆಯ ಹದವನ್ನು ತಿಳಿಯುವಷ್ಟೇ ಅಗತ್ಯವಾದ ಸಂಸಾರದ ಕೆಲಸವಾಗಿತ್ತು.

ಒಗ್ಗಬೇಕಾದುವು ಮುಖ್ಯವಾಗಿ ನಾಲ್ಕು: ಗುಂಡಿನ ಗಾತ್ರ, ತೇಪೆಯ ದಪ್ಪ, ಜಿಡ್ಡು, ಮದ್ದಿನ ಅಳತೆ.

ಗಾತ್ರದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ನಳಿಗೆಯ ಒಳವ್ಯಾಸ 0.50 ಅಂಗುಲ, ಅಂದರೆ 12.7 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತೋಡುಗಳ ಆಳ ಒಂದೊಂದು ಬದಿಗೆ 0.25 ಮಿಲಿಮೀಟರ್. ಹಾಗಾದರೆ ತೋಡಿನ ತಳದಿಂದ ಎದುರು ತೋಡಿನ ತಳಕ್ಕೆ 13.2 ಮಿಲಿಮೀಟರ್. ಇಂಥ ನಳಿಗೆಗೆ ಸಾಮಾನ್ಯವಾಗಿ ಆರಿಸುವ ಗುಂಡು 0.490 ಅಂಗುಲದ್ದು, ಎಂದರೆ 12.45 ಮಿಲಿಮೀಟರ್. ತೇಪೆಯ ದಪ್ಪ 0.015 ಅಂಗುಲ, ಸುಮಾರು 0.38 ಮಿಲಿಮೀಟರ್. ಗುಂಡಿನ ಎರಡೂ ಪಕ್ಕಕ್ಕೆ ಬಟ್ಟೆ ಬರುವುದರಿಂದ ಒಟ್ಟು 13.21 ಮಿಲಿಮೀಟರ್ ಆಯಿತು. ತೋಡಿನ ತಳದವರೆಗೆ ಬಟ್ಟೆ ತುಂಬಿತು. ತೋಡುಗಳ ನಡುವಣ ದಿಣ್ಣೆಗಳ ಮೇಲೆ ಅದು ಒತ್ತಿ ಹಿಸುಕಿಕೊಂಡಿತು. ಕಣ್ಣಿಗೆ ಕಾಣದ ಈ ಅಂತರದಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ತೇಪೆ ಇದಕ್ಕಿಂತ ತೆಳುವಾದರೆ ಹೊಗೆ ಅದರ ಪಕ್ಕದಿಂದ ನುಸುಳುತ್ತದೆ. ದಪ್ಪವಾದರೆ ಗುಂಡು ಇಳಿಯುವುದೇ ಇಲ್ಲ. ಹಿಂದಿನ ಕಮ್ಮಾರರು ರೈಫಲ್ಲನ್ನು ಮಾರುವಾಗ ಅದಕ್ಕೆಂದೇ ಮಾಡಿದ ಗುಂಡಿನ ಅಚ್ಚನ್ನೂ ಜೊತೆಗೆ ಕೊಡುತ್ತಿದ್ದರು. ಎರಡು ನಳಿಗೆಗಳು ಒಂದೇ ಅಳತೆಗೆ ಬರುವುದು ಆಗ ಸಾಧ್ಯವಿರಲಿಲ್ಲವಾದುದರಿಂದ ಅಚ್ಚು ಕಳೆದುಹೋದರೆ ರೈಫಲ್ಲು ಅರ್ಧ ಸತ್ತಂತೆ.

ಗುಂಡು ಶುದ್ಧವಾದ ಮೆದು ಸೀಸದ್ದಾಗಿರಬೇಕು. ಸೀಸ ಅಚ್ಚಿನಲ್ಲಿ ಬೇಗ ತಣಿದರೆ ಮೈ ಸುಕ್ಕಾಗುತ್ತದೆ. ಒಳಗೆ ಗಾಳಿಯ ಗುಳ್ಳೆ ಉಳಿದರೆ ತೂಕ ತಪ್ಪುತ್ತದೆ, ತಿರುಗುವಾಗ ಓಲಾಡುತ್ತದೆ. 0.490 ಅಂಗುಲದ ಗುಂಡು ಸುಮಾರು 177 ಗ್ರೇನ್, ಎಂದರೆ ಹನ್ನೊಂದೂವರೆ ಗ್ರಾಂ ತೂಗಬೇಕು. ಶ್ರದ್ಧೆಯುಳ್ಳವರು ಎರೆದ ಗುಂಡುಗಳನ್ನು ಒಂದೊಂದಾಗಿ ತೂಗಿ, ಹಗುರವಾದವನ್ನು ಮತ್ತೆ ಕುಲುಮೆಗೆ ಹಾಕುತ್ತಾರೆ. ಎರಕದ ಬಾಲವನ್ನು ಕತ್ತರಿಸಿದ ಕಲೆ ಯಾವಾಗಲೂ ಮೇಲ್ಮುಖವಾಗಿ, ನಳಿಗೆಯ ಬಾಯಿಯ ಕಡೆಗೇ ಇರುವಂತೆ ಕೂರಿಸುತ್ತಾರೆ. ಕಲೆಯಿಲ್ಲದ ಗುಂಡು ದೊರೆಯದಿದ್ದರೆ ಕಲೆ ಪ್ರತಿ ಸಲವೂ ಒಂದೇ ಕಡೆ ಇರಲಿ ಎಂಬುದು ಅವರ ವಿವೇಕ.

ತೇಪೆಯ ಬಟ್ಟೆ ಹತ್ತಿಯದೋ ನಾರಗಸೆಯದೋ ಆಗಿರಬೇಕು, ನೆಯ್ಗೆ ಬಿಗಿಯಾಗಿರಬೇಕು. ಹಾಸಿಗೆ-ದಿಂಬುಗಳಿಗೆ ಬಳಸುವ, ಹತ್ತಿ ಹೊರಕ್ಕೆ ನುಸುಳದಂಥ ದಟ್ಟ ಬಟ್ಟೆ ಇದಕ್ಕೆ ಹೇಳಿಮಾಡಿಸಿದ್ದು. ಹೊಸದಾದರೆ ಒಗೆದು ಗಂಜಿಯನ್ನು ತೆಗೆಯಬೇಕು. ಈಗಿನ ಕೃತಕ ನೂಲಿನ ಬಟ್ಟೆ ಬೆಂಕಿಗೆ ಕರಗಿ ನಳಿಗೆಗೆ ಅಂಟಿಕೊಳ್ಳುವುದರಿಂದ ಸಲ್ಲದು.

ಜಿಡ್ಡು ಏಕೆ ಬೇಕು? ಕಪ್ಪು ಮದ್ದು ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಸೇರಿದ ಮಿಶ್ರಣ. ಅದು ಉರಿದಾಗ ಎಲ್ಲವೂ ಅನಿಲವಾಗುವುದಿಲ್ಲ; ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿ ಉಳಿದು, ಕೆಲವಂಶ ಹೊಗೆಯಾಗಿ ಹೊರಬಿದ್ದು, ಕೆಲವಂಶ ನಳಿಗೆಯ ಒಳಮೈಗೆ ಕಿಟ್ಟವಾಗಿ ಹತ್ತಿಕೊಳ್ಳುತ್ತದೆ. ನಾಲ್ಕಾರು ಗುಂಡುಗಳಾಗುವಷ್ಟರಲ್ಲಿ ಮೊದಲು ಸಲೀಸಾಗಿ ಇಳಿಯುತ್ತಿದ್ದ ತೇಪೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಿಡ್ಡು ಕಿಟ್ಟವನ್ನು ಮೆದುವಾಗಿಟ್ಟು, ಮುಂದಿನ ತೇಪೆ ಅದನ್ನು ಒರೆಸಿಕೊಂಡು ಹೋಗುವಂತೆ ಮಾಡುತ್ತದೆ. ಬಟ್ಟೆ ಸುಟ್ಟುಹೋಗದಂತೆಯೂ ಕಾಪಾಡುತ್ತದೆ. ಕಾಡಿನವರು ಕರಡಿಯ ಕೊಬ್ಬನ್ನೋ ಜಿಂಕೆಯ ಕೊಬ್ಬನ್ನೋ ಜೇನುಮೇಣವನ್ನೋ ಬಳಸಿದರು. ಅವಸರಕ್ಕೆ ಬಾಯ ಎಂಜಲೂ ಆಗುತ್ತಿತ್ತು. ಈ ಜಿಡ್ಡಿನ ಮಾತನ್ನು ನೆನಪಿನಲ್ಲಿಡಿ. ಅದಕ್ಕೆ ಮತ್ತೆ ಬರಬೇಕಾಗಿದೆ.

ಉಳಿದುದು ಮದ್ದಿನ ಅಳತೆ. ಹಳಬರದೊಂದು ಸ್ಥೂಲವಾದ ಲೆಕ್ಕವಿತ್ತು: ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಅದು ಮುಚ್ಚುವವರೆಗೆ ಮದ್ದನ್ನು ಸುರಿದರೆ ಅದೇ ಆರಂಭದ ಅಳತೆ. ಈಗಿನವರ ಲೆಕ್ಕ ಇನ್ನೂ ಸುಲಭ: ನಳಿಗೆ 0.50 ಅಂಗುಲದ್ದಾದರೆ 50 ಗ್ರೇನ್ ಮದ್ದಿನಿಂದ ಮೊದಲು ಮಾಡು. ತಯಾರಕರು ಹೇಳಿದ ಎಲ್ಲೆಯನ್ನು ಮಾತ್ರ ಎಂದೂ ದಾಟಬೇಡ. ಆದರೆ ಇವು ಆರಂಭದ ಸೂತ್ರಗಳು. ಸರಿಯಾದ ಅಳತೆಯನ್ನು ಆ ರೈಫಲ್ಲೇ ಹೇಳಬೇಕು. ಅದರ ಬಾಯಿಂದ ಅದನ್ನು ಹೇಳಿಸುವ ಕ್ರಮ ಹೀಗಿದೆ.

ರೈಫಲ್ಲನ್ನು ಮರಳುಚೀಲದ ಮೇಲೆ ಅಲುಗದಂತಿಟ್ಟು, 25 ಗಜ ದೂರದ ಗುರಿಹಲಗೆಗೆ ಒಂದೇ ಬಗೆಯ ಗುಂಡು, ಒಂದೇ ಬಗೆಯ ತೇಪೆ, ಒಂದೇ ಜಿಡ್ಡು, 50 ಗ್ರೇನ್ ಮದ್ದು — ಹೀಗೆ ಐದು ಗುಂಡು ಹಾರಿಸಬೇಕು. ಪ್ರತಿ ಗುಂಡಿನ ನಂತರವೂ ಒದ್ದೆ ಬಟ್ಟೆಯಿಂದ ನಳಿಗೆಯನ್ನು ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಬೇಕು. ಆಮೇಲೆ ಹಲಗೆಯ ಬಳಿಗೆ ಹೋಗಿ ನೋಡಬೇಕು. ಇಲ್ಲಿ ಹೊಸಬರು ಗುರಿಯ ನಡುವನ್ನು ನೋಡುತ್ತಾರೆ. ಬಲ್ಲವರು ಐದು ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದನ್ನು ನೋಡುತ್ತಾರೆ. ಐದೂ ಗುರಿಯಿಂದ ನಾಲ್ಕು ಅಂಗುಲ ಎಡಕ್ಕೆ, ಆದರೆ ಒಂದು ರೂಪಾಯಿ ನಾಣ್ಯದಡಿಯಲ್ಲಿ ಅಡಗುವಷ್ಟು ಹತ್ತಿರ ಬಿದ್ದಿದ್ದರೆ ಅದು ಒಳ್ಳೆಯ ಸುದ್ದಿ; ಗುರಿಮೊಳೆಯನ್ನು ಒಂದಿಷ್ಟು ಸರಿಸಿದರೆ ಮುಗಿಯಿತು. ಒಂದು ನಡುವಿಗೂ ಉಳಿದ ನಾಲ್ಕು ನಾಲ್ಕು ದಿಕ್ಕಿಗೂ ಬಿದ್ದಿದ್ದರೆ ಆ ನಡುವಿನ ತೂತಿಗೆ ಬೆಲೆಯಿಲ್ಲ.

ಮುಂದೆ ಮದ್ದನ್ನು ಮಾತ್ರ 5 ಗ್ರೇನ್ ಹೆಚ್ಚಿಸಿ ಮತ್ತೆ ಐದು ಗುಂಡು. ಮತ್ತೆ 5 ಗ್ರೇನ್, ಮತ್ತೆ ಐದು. ಹೀಗೆ ಹೋಗುತ್ತಿದ್ದಂತೆ ತೂತುಗಳ ಗುಂಪು ಮೊದಮೊದಲು ಕಿರಿದಾಗುತ್ತ ಬಂದು, ಒಂದು ಅಳತೆಯಲ್ಲಿ ಅತ್ಯಂತ ಕಿರಿದಾಗಿ, ಅದನ್ನು ದಾಟಿದ ಮೇಲೆ ಮತ್ತೆ ಚೆದರತೊಡಗುತ್ತದೆ. ಮದ್ದು ಹೆಚ್ಚಾದಂತೆಲ್ಲ ತೇಪೆಗೆ ಬೀಳುವ ಹೊಡೆತ ಹೆಚ್ಚು. ಅದು ಹರಿದರೆ ಗುಂಡಿಗೆ ಹಿಡಿತ ತಪ್ಪುತ್ತದೆ. ಸಿಡಿತದಿಂದ ನಳಿಗೆ ತಂತಿಯಂತೆ ಕಂಪಿಸುತ್ತದೆಯಾದುದರಿಂದ ಗುಂಡು ಹೊರಬೀಳುವ ಕ್ಷಣದಲ್ಲಿ ನಳಿಗೆಯ ತುದಿ ಎಲ್ಲಿದೆ ಎಂಬುದೂ ಮುಖ್ಯವಾಗುತ್ತದೆ. ಒಳ್ಳೆಯ ಅಳತೆ ಸಿಕ್ಕಮೇಲೆ ಅದನ್ನು ಕದಲಿಸದೆ, ತೇಪೆಯ ದಪ್ಪವನ್ನು ಮಾತ್ರ ಬದಲಿಸಿ ನೋಡಬೇಕು, ಆನಂತರ ಗುಂಡಿನ ಗಾತ್ರವನ್ನು, ಕೊನೆಗೆ ಜಿಡ್ಡನ್ನು. 25 ಗಜದಲ್ಲಿ ಒಪ್ಪಿದ್ದನ್ನು 50 ಗಜದಲ್ಲಿ, ಆಮೇಲೆ 100 ಗಜದಲ್ಲಿ ಪರೀಕ್ಷಿಸಬೇಕು. ಎರಡನ್ನು ಒಮ್ಮೆಗೇ ಬದಲಿಸಬಾರದೆಂಬುದು ಇಲ್ಲಿನ ಪರಮ ನಿಯಮ. ಮದ್ದನ್ನೂ ತೇಪೆಯನ್ನೂ ಒಟ್ಟಿಗೆ ಬದಲಿಸಿದವನಿಗೆ ಗುಂಪು ಕಿರಿದಾದರೂ ಲಾಭವಿಲ್ಲ. ಯಾವುದರಿಂದ ಆಯಿತೆಂದು ಅವನಿಗೆ ತಿಳಿಯದು.

ಈ ಪರೀಕ್ಷೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವ ಭಾಗವೆಂದರೆ ತೇಪೆಯನ್ನು ಓದುವುದು. ಗುಂಡು ಹೋದ ಮೇಲೆ ತೇಪೆ ಹತ್ತು ಹದಿನೈದು ಹೆಜ್ಜೆ ಮುಂದೆ ನೆಲದ ಮೇಲೆ ಬಿದ್ದಿರುತ್ತದೆ. ನೋಡುವವರಿಗೆ ಅದು ಮಸಿ ಹಿಡಿದ ಚಿಂದಿ. ಓದಬಲ್ಲವನಿಗೆ ನಳಿಗೆಯೊಳಗೆ ನಡೆದುದರ ವರದಿ. ನಡುವೆ ಗುಂಡು ಕುಳಿತಿದ್ದ ಕಡೆ ದುಂಡಗಿನ ಕಪ್ಪು ಗುರುತು, ಅದರ ಸುತ್ತ ತೋಡುಗಳ ಗೆರೆಗಳು, ಅಂಚು ಒಂದಿಷ್ಟು ಎಳೆಬಿಟ್ಟಿದ್ದರೂ ಬಟ್ಟೆ ಗಟ್ಟಿ — ಹೀಗಿದ್ದರೆ ಎಲ್ಲವೂ ಕ್ಷೇಮ. ನಡುವೆ ಸುಟ್ಟು ತೂತಾಗಿದ್ದರೆ ಬೆಂಕಿ ಗುಂಡನ್ನು ಮುಟ್ಟಿತೆಂದು ಅರ್ಥ. ತೇಪೆ ತೆಳು, ಅಥವಾ ಗುಂಡು ಸಣ್ಣದು, ಅಥವಾ ಜಿಡ್ಡು ಸಾಲದು. ಸುಡದೆ, ಕತ್ತರಿಯಿಂದ ಕತ್ತರಿಸಿದಂತೆ ಗೆರೆಗೆರೆಯಾಗಿ ಸೀಳಿದ್ದರೆ ತೋಡಿನ ಅಂಚೋ ನಳಿಗೆಯ ಬಾಯಿಯೋ ಹರಿತವಾಗಿದೆ, ಅದನ್ನು ನಯಮಾಡಬೇಕು. ಚೂರುಚೂರಾಗಿ ಎಲ್ಲಿಯೂ ಸಿಕ್ಕದೆ ಹೋದರೆ ಬಟ್ಟೆಗೆ ಶಕ್ತಿಯಿಲ್ಲ, ಇಲ್ಲವೆ ಮದ್ದು ಮಿತಿಮೀರಿದೆ.

ಪ್ರಾಚೀನ ಕಾವ್ಯಗಳ ಸಂಪಾದಕರು ಮಾಡುವ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠಾಂತರಗಳನ್ನು ಒಂದೊಂದಾಗಿ ಗುರುತಿಸಿ, ಲಿಪಿಕಾರನ ಕೈ ಎಲ್ಲಿ ಜಾರಿತು, ಹುಳು ಎಲ್ಲಿ ತಿಂದಿತು ಎಂದು ಊಹಿಸುವಾಗ ಸಂಪಾದಕನೂ ಕಣ್ಣಿಗೆ ಕಾಣದೆ ನಡೆದುದನ್ನು ಉಳಿದ ಗುರುತುಗಳಿಂದ ತಿಳಿಯುತ್ತಾನೆ. ಪಾಠಗಳನ್ನು ಮನಬಂದಂತೆ ಒಟ್ಟಿಗೆ ತಿದ್ದಿದರೆ ಪದ್ಯ ಸೊಗಸಾದೀತು. ಕವಿಯ ಮಾತು ಯಾವುದೆಂಬುದು ಮಾತ್ರ ಮುಚ್ಚಿಹೋಗುತ್ತದೆ. ಕಾಡಿನ ಬೇಟೆಗಾರನು ಈ ಸಂಯಮವನ್ನು ಯಾವ ವಿದ್ಯಾಪೀಠದಲ್ಲಿಯೂ ಕಲಿಯಲಿಲ್ಲ.

ಅಳತೆ ಕೈಸೇರಿದ ಮೇಲೂ ಎಚ್ಚರ ತಪ್ಪುವಂತಿಲ್ಲ. ಗುಂಡು ಮದ್ದಿಗೆ ತಾಗುವವರೆಗೆ ಇಳಿಯಲೇಬೇಕು. ನಡುವೆ ಸಿಕ್ಕಿಕೊಂಡು ಮದ್ದಿಗೂ ಗುಂಡಿಗೂ ಎಡೆಯುಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಹಿಡಿದವನ ಕೈಯೂ ಕಣ್ಣೂ ಅಪಾಯಕ್ಕೆ ಗುರಿ. ಅದಕ್ಕೆಂದೇ ಸರಿಯಾಗಿ ತುಂಬಿದಾಗ ಗಜ ನಳಿಗೆಯ ಬಾಯಿಗೆ ಎಲ್ಲಿ ಬರುತ್ತದೋ ಅಲ್ಲಿ ಒಂದು ಗೀರು ಹಾಕಿರುತ್ತಾರೆ. ಪ್ರತಿ ಸಲವೂ ಗಜವನ್ನು ಒತ್ತುವ ಬಲ ಒಂದೇ ಆಗಿರಬೇಕು. ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಕುಟ್ಟಿ ಕೂರಿಸಿದರೆ ಅಳತೆ ಒಂದೇ ಇದ್ದರೂ ಗುಂಡು ಬೀಳುವ ಎಡೆ ಬೇರೆಯಾಗುತ್ತದೆ. ಹೀಗೆ ಕಂಡುಕೊಂಡ ಮದ್ದಿನ ಪ್ರಮಾಣಕ್ಕೆ ಸರಿಯಾಗಿ ಜಿಂಕೆಯ ಕೊಂಬಿನ ತುದಿಯನ್ನು ಕೊರೆದು ಅಳತೆಯ ಬಟ್ಟಲು ಮಾಡಿ, ಮದ್ದಿನ ಕೊಂಬಿಗೆ ಕಟ್ಟಿಕೊಳ್ಳುತ್ತಿದ್ದರು. ಆ ಬಟ್ಟಲು ಆ ಒಂದು ರೈಫಲ್ಲಿಗೆ ಮಾತ್ರ.

ಈ ಶ್ರಮದ ಫಲ ರಣರಂಗದಲ್ಲಿಯೂ ಕಂಡಿತು. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಎಂಬ ಬೆಟ್ಟದಲ್ಲಿ ಬ್ರಿಟಿಷ್ ಪಕ್ಷದ ದಳವನ್ನು ಸುತ್ತುವರಿದು ಸೋಲಿಸಿದವರು ಇಂಥ ರೈಫಲ್ಲುಗಳನ್ನು ಹಿಡಿದ ಗಡಿನಾಡಿನ ಕೃಷಿಕರು. ಅಲ್ಲಿ ಗುಂಡೇಟಿಗೆ ಬಿದ್ದ ದಳಪತಿ ಪ್ಯಾಟ್ರಿಕ್ ಫರ್ಗುಸನ್ ತಾನೇ ಹಿಂಬದಿಯಿಂದ ತುಂಬುವ ಒಂದು ಹೊಸ ರೈಫಲ್ಲನ್ನು ರೂಪಿಸಿದವನು. 1800ರಲ್ಲಿ ಬ್ರಿಟಿಷ್ ಸೈನ್ಯವೂ ಎಜೆಕಿಯೆಲ್ ಬೇಕರನ ರೈಫಲ್ಲನ್ನು ಸ್ವೀಕರಿಸಿತು. ಏಳು ತೋಡುಗಳ ಅದರ ನಳಿಗೆಯ ಹಿಡಿಯಲ್ಲಿಯೂ ತೇಪೆಯ ಪೆಟ್ಟಿಗೆಯಿತ್ತು. ಗುಂಡನ್ನು ಇಳಿಸುವುದಕ್ಕೆಂದು ಮೊದಮೊದಲು ಸೈನಿಕರಿಗೆ ಮರದ ಕೊಡತಿಗಳನ್ನೂ ಕೊಟ್ಟಿದ್ದರು. ಆದರೆ ನುಣುಪು ನಳಿಗೆಯ ಕೋವಿ ನಿಮಿಷಕ್ಕೆ ಮೂರು ಗುಂಡು ಹಾರಿಸುವಲ್ಲಿ ಇದು ಒಂದೆರಡನ್ನು ಹಾರಿಸುತ್ತಿತ್ತು. ನಿಧಾನವಾದ ಈ ವಿದ್ಯೆ ಇಡಿಯ ಸೈನ್ಯಕ್ಕೆ ಒಗ್ಗಲಿಲ್ಲ.

ತೊಡಕನ್ನು ಬಿಡಿಸಿದುದು ಫ್ರಾನ್ಸಿನ ಮಿನಿಯೇ ಎಂಬ ಅಧಿಕಾರಿ 1840ರ ದಶಕದ ಕೊನೆಯಲ್ಲಿ ರೂಪಿಸಿದ ಗುಂಡು. ಅದು ದುಂಡಗಿರದೆ ಚೂಪಾಗಿತ್ತು, ಬುಡದಲ್ಲಿ ಟೊಳ್ಳಿತ್ತು. ಸಡಿಲವಾಗಿ ಸುಲಭದಲ್ಲಿ ಇಳಿದು, ಮದ್ದು ಸಿಡಿದಾಗ ಬುಡ ಅರಳಿ ತಾನಾಗಿಯೇ ತೋಡುಗಳನ್ನು ಹಿಡಿಯುತ್ತಿತ್ತು. ತೇಪೆಯ ಕಾಲ ಸೈನ್ಯದ ಮಟ್ಟಿಗೆ ಮುಗಿಯಿತು. ಆದರೆ ಜಿಡ್ಡಿನ ಅಗತ್ಯ ಮುಗಿಯಲಿಲ್ಲ. ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್ಲಿನ ತೋಟಾ ಕಾಗದದ ಸುರುಳಿ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಸುರಿದು, ಜಿಡ್ಡು ಸವರಿದ ಗುಂಡಿನ ತುದಿಯನ್ನು ನಳಿಗೆಗೆ ತುರುಕಬೇಕು. ಬಟ್ಟೆಯ ತೇಪೆಯ ಕೆಲಸವನ್ನು ಬಹುಮಟ್ಟಿಗೆ ಈ ಜಿಡ್ಡುಕಾಗದ ಮಾಡುತ್ತಿತ್ತು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಆ ಜಿಡ್ಡು ಹಸುವಿನ ಮತ್ತು ಹಂದಿಯ ಕೊಬ್ಬಿನದೆಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಅವರವರಿಗೆ ಒಪ್ಪಿತವಾದ ಜಿಡ್ಡನ್ನು ಅವರೇ ಸವರಿಕೊಳ್ಳಲಿ, ಹಲ್ಲಿಗೆ ಬದಲಾಗಿ ಕೈಯಿಂದ ಹರಿಯಲಿ ಎಂದು ಅಧಿಕಾರಿಗಳು ಹೇಳುವಷ್ಟರಲ್ಲಿ ನಂಬಿಕೆ ಮುರಿದುಹೋಗಿತ್ತು. ಮೇ 10ರಂದು ಮೀರತ್ತಿನಲ್ಲಿ ಬೆಂಕಿ ಹೊತ್ತಿತು. ಆ ಮಹಾಸಂಗ್ರಾಮಕ್ಕೆ ಕಾರಣಗಳು ಹಲವಿದ್ದುವು. ಆದರೂ ನಳಿಗೆಗೆ ಯಾವ ಜಿಡ್ಡು ಒಗ್ಗೀತೆಂದು ಯೋಚಿಸಿದವರು ಅದನ್ನು ಕಚ್ಚುವ ಬಾಯಿಗೆ ಒಗ್ಗೀತೆ ಎಂದು ಯೋಚಿಸಲಿಲ್ಲ ಎಂಬುದೂ ನಿಜ. ಬಂಡಾಯದ ಭಯದಿಂದ ಬಂದ ನಿಶ್ಶಸ್ತ್ರೀಕರಣದ ಕಾನೂನು ಅದೇ ವರ್ಷದ ನವೆಂಬರಿನಲ್ಲಿ ಮುಧೋಳದ ಸೀಮೆಯ ಹಲಗಲಿಗೂ ಮುಟ್ಟಿತು. ಆಯುಧವೇ ಬದುಕಾಗಿದ್ದ ಬೇಡರು ಅದನ್ನು ಒಪ್ಪಿಸಲಾರದೆ ಹೋರಾಡಿ ಮಡಿದರು, ಹಲವರು ಗಲ್ಲಿಗೇರಿದರು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಯಿಂದ ಅವರ ಹೆಸರು ನಮ್ಮ ಸಾಹಿತ್ಯದಲ್ಲಿ ಉಳಿದಿದೆ. ಇದಕ್ಕೆ ಪ್ರತಿಯಾಗಿ ಕೊಡಗಿನವರಿಗೆ ಬ್ರಿಟಿಷರ ಕಾಲದಿಂದ ಆಯುಧ ಕಾನೂನಿನಲ್ಲಿ ದೊರೆತ ವಿನಾಯಿತಿ ಮುಂದುವರಿದುಬಂದು, 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಹೂವೇರಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯಗಳು ನಡೆಯುತ್ತವೆ.

ಬಾಯಿಯಿಂದ ತುಂಬುವ ರೈಫಲ್ಲು ಯುದ್ಧದಿಂದ ಮರೆಯಾಗಿ ನೂರೈವತ್ತು ವರ್ಷಗಳಾದರೂ ಅದರ ವಿದ್ಯೆ ಅಳಿಯಲಿಲ್ಲ. ಅಮೆರಿಕದಲ್ಲಿ ಅದನ್ನು ಉಳಿಸಿಕೊಳ್ಳುವುದಕ್ಕೆಂದೇ 1933ರಲ್ಲಿ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಇಂಡಿಯಾನ ಪ್ರಾಂತದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರು ಅದರ ಕೇಂದ್ರ. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ತಯಾರಾದ ಇಂದಿನ ನಳಿಗೆಗಳಿಗೂ ಈ ಪರೀಕ್ಷೆ ತಪ್ಪಿಲ್ಲ. ಒಂದೇ ದಿನ, ಒಂದೇ ಯಂತ್ರದಿಂದ ಹೊರಬಂದ ಎರಡು ರೈಫಲ್ಲುಗಳಲ್ಲಿ ಒಂದು 60 ಗ್ರೇನಿಗೆ ಒಲಿದರೆ ಇನ್ನೊಂದು 75ಕ್ಕೆ ಒಲಿಯಬಹುದು. ಅದಕ್ಕೆ ಕೋಷ್ಟಕಗಳಿಂದ ಉತ್ತರ ಸಿಕ್ಕುವುದಿಲ್ಲ. ಐದು ಗುಂಡು ಹಾರಿಸಿ, ಹಲಗೆಯನ್ನು ನೋಡಿ, ಹುಲ್ಲಿನ ಮೇಲೆ ಬಿದ್ದ ತೇಪೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮತ್ತೆ ಐದು ಗ್ರೇನ್ ಮದ್ದನ್ನು ಅಳೆದು ತುಂಬುವ ಕೆಲಸವನ್ನು ಇಂದಿಗೂ ಪ್ರತಿಯೊಬ್ಬನೂ ತಾನೇ ಮಾಡಬೇಕಾಗಿದೆ.